ದೇವದೂತ ಮಂಡಿಯೂರಿದ್ದು ಯಾಕೆ

“ಗುರುಗಳೇ, ನೀವು ದೇವದೂತನನ್ನು ಕಣ್ಣಾರೆ ನೋಡಿದ್ದೀರಾ?”

“ಗಾರೆ ಕಲೆಸು,” ಅಂದ ಓರ್ಸೊ.

ಲಾಪೊ ಗಾರೆ ಕಲೆಸಿದ.

ಇದು ಇಟಲಿ ದೇಶದ ಕಥೆ. ಬಣ್ಣ ಕಾಣದ ಗೋಡೆಯನ್ನು ಅರ್ಧ ಕಟ್ಟಿದ ಗೋಡೆ ಎಂದೇ ಜನ ತಿಳಿಯುತ್ತಿದ್ದ ಕಾಲ. ನದಿಯ ದಂಡೆಯ ಮೇಲೊಂದು ಮಠ. ಮಠದ ಬಗಲಿಗೆ ಒಂದು ಆಸ್ಪತ್ರೆ. ಆಸ್ಪತ್ರೆ ಎಂದರೆ ಉದ್ದನೆಯ ಒಂದೇ ಕೋಣೆ, ಎರಡು ಸಾಲು ಮಂಚ, ಕೊನೆಯಲ್ಲಿ ಒಂದು ದೊಡ್ಡ ಗೋಡೆ. ರೋಗಿಗಳು ಮಲಗಿದಲ್ಲಿಂದಲೇ ನೋಡಲಿ ಎಂದು ಆ ಗೋಡೆಯ ಮೇಲೆ ಮಂಗಳವಾರ್ತೆಯ ಚಿತ್ರ ಬರೆಯಬೇಕಿತ್ತು.

ಮಂಗಳವಾರ್ತೆ ಎಂದರೆ, ಕನ್ಯೆ ಮರಿಯಳ ಮನೆಗೆ ದೇವದೂತ ಗಬ್ರಿಯೇಲ ಬಂದು, ದೇವರ ಮಗ ನಿನ್ನ ಹೊಟ್ಟೆಯಲ್ಲಿ ಹುಟ್ಟುತ್ತಾನೆ ಎಂದು ತಿಳಿಸಿದ ಗಳಿಗೆ. ಬಲಗಡೆ ಹುಡುಗಿ. ಎಡಗಡೆ ದೂತ.

ಹುಡುಗಿಯನ್ನು ಚಿತ್ರಕಾರ ಓರ್ಸೊ ಬರೆದು ಮುಗಿಸಿದ್ದ. ಮಡಿಲಲ್ಲಿ ಹೊಲಿಗೆ, ತುಸು ಹಿಂದಕ್ಕೆ ಸರಿದ ಹೆಗಲು, ಎದೆಮಟ್ಟಕ್ಕೆ ಎದ್ದ ಬಲಗೈ. ಅಷ್ಟು ಬರೆಯುವಷ್ಟರಲ್ಲಿ ಅವನ ಕೈ ನಡುಗತೊಡಗಿತು. ಚಳಿಗೆ ಎಂದುಕೊಂಡರು. ಚಳಿಗಾಲ ಕಳೆಯಿತು, ನಡುಕ ಉಳಿಯಿತು.

ಮಠದ ಹಿರಿಯ ಪಾದ್ರಿ ಬಂದು ಗೋಡೆ ನೋಡಿದರು. ಅರ್ಧ ಬಣ್ಣ, ಅರ್ಧ ಬೋಳು.

“ಮಂಗಳವಾರ್ತೆಯ ಹಬ್ಬಕ್ಕೆ ಬಿಷಪ್ಪರು ಬರ್ತಾರೆ,” ಅಂದರು. “ಅಷ್ಟರಲ್ಲಿ ದೂತ ಗೋಡೆ ಮೇಲಿರಬೇಕು.”

“ಇರ್ತಾನೆ,” ಅಂದ ಓರ್ಸೊ.

“ನಿನ್ನ ಕೈ?”

“ಇವನ ಕೈ ಇದೆ.”

ಪಾದ್ರಿಗಳು ಶಿಷ್ಯ ಲಾಪೊನನ್ನು ಮೇಲಿಂದ ಕೆಳಗೆ ನೋಡಿದರು. ಮೀಸೆ ಈಗಷ್ಟೇ ಗಟ್ಟಿಯಾಗುತ್ತಿದ್ದ ಮುಖ, ಸುಣ್ಣ ಮೆತ್ತಿದ ಅಂಗಿ.

“ದೂತನ ಕೆಲಸ ನಿನ್ನದು ಹಾಗಾದರೆ. ಆದರೆ ಕೇಳಿಕೋ. ಹಬ್ಬದ ದಿನ ಗೋಡೆ ನನಗೆ ಒಪ್ಪಿಗೆಯಾಗದಿದ್ದರೆ ಪಟ್ಟಣದ ಚಿತ್ರಕಾರರನ್ನು ಕರೆಸ್ತೀನಿ. ಅವರು ಇನ್ನೊಬ್ಬರ ಪಕ್ಕ ಬರೆಯೋರಲ್ಲ. ಇಡೀ ಗೋಡೆ ಕೆತ್ತಿ ಹಾಕಿ ತಮ್ಮದನ್ನೇ ಬರೀತಾರೆ.”

“ಈ ಮರಿಯಳನ್ನೂನಾ ಸ್ವಾಮಿ?” ಅಂದ ಲಾಪೊ.

“ಎಲ್ಲವನ್ನೂ.”

ಗುರುವಿನ ಕೈಯಿಂದ ಇನ್ನೊಬ್ಬ ಮರಿಯ ಹುಟ್ಟುವಂತಿರಲಿಲ್ಲ. ಅದು ಲಾಪೊನಿಗೆ ಗೊತ್ತಿತ್ತು, ಗುರುವಿಗೂ ಗೊತ್ತಿತ್ತು.

ಹಸಿ ಗಾರೆಯ ಮೇಲೆ ಬರೆಯುವ ಚಿತ್ರಕ್ಕೆ ತಿದ್ದುವುದು ಎಂಬುದಿಲ್ಲ. ಒಂದು ಹಗಲಿಗೆ ಆಗುವಷ್ಟೇ ಗಾರೆ ಹಚ್ಚಬೇಕು, ಅದು ಒಣಗುವ ಮುಂಚೆ ಬಣ್ಣ ಬೀಳಬೇಕು. ಒಣಗಿದ ಮೇಲೆ ಬಣ್ಣವೂ ಗೋಡೆಯೂ ಒಂದೇ. ತಪ್ಪಾಗಿದ್ದರೆ ಅದಕ್ಕೆ ಒಂದೇ ಮದ್ದು, ಸುತ್ತಿಗೆ. ಓರ್ಸೊನ ಸೊಂಟಕ್ಕೆ ಆ ಸುತ್ತಿಗೆ ಯಾವಾಗಲೂ ಸಿಕ್ಕಿಸಿಕೊಂಡಿರುತ್ತಿತ್ತು.

ಲಾಪೊ ಗುರುವಿನ ಪೆಟ್ಟಿಗೆಯಿಂದ ಅಚ್ಚಿನ ಹಾಳೆ ತೆಗೆದ. ಹಾಳೆಯ ಮೇಲೆ ಮಂಡಿಯೂರಿದ ದೂತ. ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿದ ತೂತು. ಗೋಡೆಗೆ ಹಿಡಿದು ಇದ್ದಿಲ ಪುಡಿಯ ಗಂಟಿನಿಂದ ತಟ್ಟಿದರೆ ದೂತ ಚುಕ್ಕಿ ಚುಕ್ಕಿಯಾಗಿ ಗೋಡೆಗೆ ಇಳಿಯುತ್ತಿದ್ದ. ಓರ್ಸೊ ವಯಸ್ಸಿನಲ್ಲಿದ್ದಾಗ ಮಾಡಿದ ಅಚ್ಚು ಅದು. ಎಷ್ಟೋ ಊರಿನ ಗೋಡೆಗಳ ಮೇಲೆ ಆ ದೂತ ಮಂಡಿಯೂರಿದ್ದ.

ಲಾಪೊ ಚುಕ್ಕಿ ಕೂಡಿಸಿದ. ನವಿಲುಗಣ್ಣಿನ ರೆಕ್ಕೆ ಕೊಟ್ಟ. ತಲೆಯ ಸುತ್ತ ಬಂಗಾರದ ರೇಕು ಅಂಟಿಸಿದ. ಮುಗಿಸಿ, ಕೈ ಒರೆಸಿಕೊಂಡು, ಪಕ್ಕಕ್ಕೆ ನಿಂತ.

ಓರ್ಸೊ ಬಂದ. ನೋಡಿದ.

“ಇವನು ಯಾಕೆ ಮಂಡಿಯೂರಿದ್ದಾನೆ?”

“ಯಾಕೆ ಅಂದರೆ... ಎಲ್ಲರೂ ಹಾಗೇ ಬರೀತಾರಲ್ಲ ಗುರುಗಳೇ.”

“ಎಲ್ಲರನ್ನೂ ಕೇಳಲಿಲ್ಲ ನಾನು.”

“ಅಚ್ಚು ನಿಮ್ಮದೇ.”

“ಅಚ್ಚು ನನ್ನದು ಕಣೋ. ಮಂಡಿ ಯಾರದು?”

ಲಾಪೊ ಅಚ್ಚಿನ ಹಾಳೆಯ ಕಡೆ ನೋಡಿದ.

“ಬಂದಿರೋನು ದೇವರ ಕಡೆಯೋನು. ಕೂತಿರೋಳು ಹಳ್ಳಿ ಹುಡುಗಿ. ಬಾಗಬೇಕಾದೋರು ಯಾರು?”

“ಅವಳು.”

“ಇವನು ಬಾಗಿದ್ದಾನಲ್ಲ. ಯಾಕೆ?”

“ಗೊತ್ತಿಲ್ಲ.”

“ಗೊತ್ತಿಲ್ಲದ್ದನ್ನ ಬಂಗಾರ ಹಚ್ಚಿ ಮುಚ್ಚಿದ್ದೀಯ.”

ಓರ್ಸೊ ಸೊಂಟದ ಸುತ್ತಿಗೆ ಎಳೆದ. ಕುಂಚ ಹಿಡಿದರೆ ನಡುಗುವ ಕೈ ಸುತ್ತಿಗೆ ಹಿಡಿದಾಗ ನಡುಗಲಿಲ್ಲ. ನವಿಲುಗಣ್ಣುಗಳು ಒಂದೊಂದಾಗಿ ನೆಲಕ್ಕೆ ಬಿದ್ದವು.

ಲಾಪೊನ ಕಣ್ಣಲ್ಲಿ ನೀರು ಬಂತು. ಗಾರೆಯ ದೂಳಿಗೆ ಎಂಬಂತೆ ಒರೆಸಿಕೊಂಡ. ಚೂರುಗಳನ್ನು ಗುಡಿಸಿ ಹೊರಗೆ ಹಾಕಿದ. ಆಮೇಲೆ ಅಚ್ಚಿನ ಹಾಳೆಯನ್ನು ಮಡಿಸಿ, ಪೆಟ್ಟಿಗೆಯ ತಳಕ್ಕಿಟ್ಟು, ಮುಚ್ಚಿದ.

ಇನ್ನು ಅದನ್ನು ಮುಟ್ಟುವುದಿಲ್ಲ ಎಂದುಕೊಂಡ.

ಮರುದಿನ ಬೆಳಗಾಗುತ್ತಲೇ ನದಿಗೆ ಹೋದ. ಮಂಡಿಯ ವಿಷಯ ತಿಳಿಯದಿದ್ದರೆ ಬೇಡ, ಹಾರಿ ಬಂದವನು ಹೇಗೆ ಇಳಿಯುತ್ತಾನೆ ಎಂಬುದನ್ನಾದರೂ ತಿಳಿಯೋಣ ಎಂದು ಕೊಕ್ಕರೆಗಳ ಎದುರು ಕೂತ. ಕೊಕ್ಕರೆ ಇಳಿಯುವಾಗ ಕಾಲು ಮುಂದಕ್ಕೆ ಚಾಚುತ್ತದೆ. ರೆಕ್ಕೆಯನ್ನು ಗಾಳಿಗೆ ಅಡ್ಡ ಹಿಡಿಯುತ್ತದೆ. ಗರಿ ಕೆದರುತ್ತದೆ, ನೆಲ ಮುಟ್ಟಿದ ಮೇಲೂ ಕೊಂಚ ಹೊತ್ತು ಕೆದರಿಯೇ ಇರುತ್ತದೆ.

ಮಠದ ಅಡುಗೆಯವನು ನೀರಿಗೆ ಬಂದವನು ಕೇಳಿದ: “ಏನಪ್ಪಾ, ಚಿತ್ರ ಬಿಟ್ಟು ಕೊಕ್ಕರೆ ಹಿಡಿಯೋ ಕಸುಬು ಶುರುಮಾಡಿದೆಯಾ?”

“ಸುಮ್ನಿರಿ, ಹಾರಿಹೋಗ್ತವೆ,” ಅಂದ ಲಾಪೊ.

ಹೀಗೆ ಎರಡನೆಯ ದೂತ ಗೋಡೆಗೆ ಬಂದ. ಮಂಡಿಯೂರಿದವನಲ್ಲ, ನಿಂತವನು. ಒಂದು ಪಾದ ನೆಲದ ಮೇಲೆ, ಇನ್ನೊಂದು ಇನ್ನೂ ಗಾಳಿಯಲ್ಲಿ. ಅರಳಿದ ರೆಕ್ಕೆ, ಬೆನ್ನ ಹಿಂದೆ ಹಾರುವ ನಿಲುವಂಗಿ, ಮೇಲೆತ್ತಿದ ಬೆರಳು. ಸನ್ಯಾಸಿಗಳು ಊಟ ಬಿಟ್ಟು ನೋಡಲು ಬಂದರು. ಹಿರಿಯ ಪಾದ್ರಿಗಳೂ ಬಂದರು.

“ಆಹಾ,” ಅಂದರು. “ಬಿಷಪ್ಪರು ಇದರ ಮುಂದೆ ನಿಂತುಬಿಡ್ತಾರೆ.”

ಎಲ್ಲರೂ ಹೋದ ಮೇಲೆ ಓರ್ಸೊ ಹತ್ತಿರ ಹೋಗಿ ಗರಿಗಳನ್ನು ನೋಡಿದ.

“ಬಂದಿದ್ದಾನೆ. ಇವನು ನಿಜವಾಗಿ ಹಾರಿಕೊಂಡೇ ಬಂದಿದ್ದಾನೆ.”

ಲಾಪೊ ಉಸಿರು ಬಿಟ್ಟ.

“ಈಗ ಹುಡುಗಿಯ ಕೈ ನೋಡು. ಯಾಕೆ ಎತ್ತಿದ್ದಾಳೆ?”

“ಸ್ವಾಗತಕ್ಕೆ?”

“ಮನೆಗೆ ಬಂದೋರನ್ನ ಅಂಗೈ ಅಡ್ಡ ಹಿಡಿದು ಸ್ವಾಗತ ಮಾಡ್ತಾರೇನೋ ನಿಮ್ಮ ಮನೇಲಿ?”

“ಆಶ್ಚರ್ಯಕ್ಕೆ.”

ಓರ್ಸೊ ಸುತ್ತಿಗೆ ತೆಗೆದು, ಹಿಡಿಯನ್ನು ಶಿಷ್ಯನ ಕಡೆಗೆ ಚಾಚಿದ.

“ಇದನ್ನ ನಾನು ಒಡೆಯಲ್ಲ. ನೀನೇ ಒಡಿ.”

“ಈಗಷ್ಟೇ ಚೆನ್ನಾಗಿದೆ ಅಂದಿರಿ!”

“ಚೆನ್ನಾಗಿದೆ ಅಂತಲೇ ನಿನ್ನ ಕೈಗೆ ಕೊಟ್ಟಿದ್ದು.”

“ಗುರುಗಳೇ, ಪಾದ್ರಿಗಳು ಒಪ್ಪಿದ್ದಾರೆ. ಇದು ಇದ್ದರೆ ನಿಮ್ಮ ಮರಿಯ ಉಳೀತಾಳೆ. ಒಡೆದರೆ ಇಬ್ಬರೂ ಹೋಗಬಹುದು.”

“ಹೋಗಬಹುದು,” ಅಂದ ಓರ್ಸೊ. ಅಂದು, ಹೊರಗೆ ನಡೆದ.

ಲಾಪೊ ಸುತ್ತಿಗೆ ಹಿಡಿದು ನಿಂತ. ದೂತನನ್ನು ನೋಡಿದ, ಕಣ್ಣು ತೆಗೆಯಲಾಗಲಿಲ್ಲ. ಬಲವಂತವಾಗಿ ಹುಡುಗಿಯ ಕೈ ನೋಡಿದ. ಆ ಕೈಯ ಬೆರಳುಗಳು ಬಿಗಿದಿದ್ದವು. ಇಷ್ಟು ದಿನ ಅದರ ಪಕ್ಕದಲ್ಲೇ ಕೆಲಸ ಮಾಡಿದ್ದ, ಬಿಗಿದದ್ದು ಕಂಡಿರಲಿಲ್ಲ. ಯಾಕೆ ಬಿಗಿದಿವೆ? ತಿಳಿಯಲಿಲ್ಲ. ತನ್ನ ದೂತನಿಗೂ ತಿಳಿದಿರಲಿಲ್ಲ. ಅವನು ಬೆರಳು ಮೇಲೆತ್ತಿ, ಎದುರಿಗೆ ಯಾರಿದ್ದಾರೆ ಎಂಬ ಪರಿವೆ ಇಲ್ಲದೆ, ಬಹಳ ಚೆಂದವಾಗಿ ನಿಂತಿದ್ದ.

ತಿಳಿಯದೆ ಇಟ್ಟುಕೊಂಡರೆ ಅದು ಸುಳ್ಳು. ಗುರುವಿನ ಚಿತ್ರವನ್ನು ಸುಳ್ಳಿನಿಂದ ಉಳಿಸುವುದಕ್ಕಿಂತ, ಉಳಿದಿರುವ ದಿನಗಳಲ್ಲಿ ನಿಜವನ್ನು ಹುಡುಕುವುದೇ ಸರಿ.

ಹಲ್ಲು ಕಚ್ಚಿ ಸುತ್ತಿಗೆ ಬೀಸಿದ.

ರೆಕ್ಕೆ ಹೋಯಿತು. ಮುಖ ಹೋಯಿತು. ಪಾದಕ್ಕೆ ಬಂದಾಗ ಹಿಂದಿನ ಮಂಚವೊಂದರಿಂದ ಕೀರಲು ದನಿ ಬಂತು.

“ಯಾರಪ್ಪಾ ಅದು ಗೋಡೆ ಒಡೀತಿರೋದು? ನೆಟ್ಟಗೆ ಸಾಯೋಕೂ ಬಿಡಲ್ವಲ್ಲ!”

ದೋಣಿ ನಡೆಸುವ ಚೆಕ್ಕೊ. ಜ್ವರದಲ್ಲಿ ಬಂದವನು, ಕಣ್ಣು ಮುಚ್ಚಿದವನು ತೆರೆದೇ ಇರಲಿಲ್ಲ. ಪಾದ್ರಿಗಳು ಕೊನೆಯ ಪ್ರಾರ್ಥನೆಯನ್ನೂ ಹೇಳಿ ಮುಗಿಸಿದ್ದರು.

ಶುಶ್ರೂಷೆಯ ಸನ್ಯಾಸಿ ಓಡಿ ಬಂದ. ಹಣೆ ಮುಟ್ಟಿ ನೋಡಿದ. ಬೆವರಿತ್ತು. ಜ್ವರ ಬಿಟ್ಟಿತ್ತು.

“ಗಂಜಿ ಕೊಡಿ,” ಅಂದ ಚೆಕ್ಕೊ. “ಬಿಸಿ ಇರಲಿ. ಉಪ್ಪು ಜಾಸ್ತಿ ಹಾಕಿ. ನಿಮ್ಮ ಮಠದೋರು ಉಪ್ಪು ಕಂಡೋರಲ್ಲ. ಮತ್ತೆ ನಮ್ಮ ತೆಸ್ಸಾಗೆ ಯಾರಾದ್ರೂ ಹೇಳಿ.”

ಗಲಾಟೆ ಕೇಳಿ ಓರ್ಸೊ ಒಳಗೆ ಬಂದಿದ್ದ. ಒಡೆದ ಗೋಡೆ ನೋಡಿದ, ಎದ್ದ ರೋಗಿಯನ್ನು ನೋಡಿದ, ಶಿಷ್ಯನ ಕೈಯಿಂದ ಸುತ್ತಿಗೆ ತಗೊಂಡು ಸೊಂಟಕ್ಕೆ ಸಿಕ್ಕಿಸಿದ.

“ಲಾಪೊ, ನೀನು ಹೋಗು. ದಂಡೆ ಗುಂಟ ಹೋದರೆ ಕೊನೇ ಮನೆ. ಅವನ ಹೆಂಡತಿಗೆ ಹೇಳಿ ಬಾ.”

“ನಾನಾ? ಹಬ್ಬ ಬಂತು ಗುರುಗಳೇ. ಗೋಡೆ ಖಾಲಿ ಇದೆ. ಬೇರೆ ಯಾರನ್ನಾದ್ರೂ ಕಳಿಸಿ.”

“ದೂತನ ಕೆಲಸ ನಿನ್ನದು ಅಂತ ಹಿರಿಯರೇ ಹೇಳಿದ್ದಾರಲ್ಲ.”

“ನನಗೆ ಗೋಡೆ—”

“ಹೋಗೋ.”

ಲಾಪೊ ಗೊಣಗುತ್ತಾ ಹೊರಟ. ಸುಣ್ಣದ ಅಂಗಿಯಲ್ಲೇ ಹೊರಟ. ಅರ್ಧ ದಾರಿಯಲ್ಲಿ ಸಿಟ್ಟು ಇಳಿಯಿತು. ಒಳ್ಳೆಯ ಸುದ್ದಿ ಒಯ್ಯುತ್ತಿದ್ದೇನೆ, ಒಳ್ಳೆಯ ಮಾತಲ್ಲೇ ಹೇಳೋಣ ಎನಿಸಿತು. ಬಾಯಲ್ಲೇ ಜೋಡಿಸಿಕೊಂಡ: ತಾಯಿ, ಸಂತೋಷಪಡಿ, ದೇವರು ನಿಮ್ಮ ಮೊರೆ ಕೇಳಿದ. ಕೇಳಿದ ಅನ್ನುವಾಗ ಕೈ ಹೀಗೆ ಮೇಲೆತ್ತಬೇಕು. ಎತ್ತಿಯೂ ನೋಡಿದ.

ಕೊನೆಯ ಮನೆಯ ಬಾಗಿಲು ತೆರೆದಿತ್ತು. ಒಳಗೆ ಒಬ್ಬ ಹೆಂಗಸು ಮಂಚದ ಅಂಚಿಗೆ ಕೂತು ದೋಣಿಯ ಹರಿದ ಹಾಯಿ ಹೊಲಿಯುತ್ತಿದ್ದಳು.

ಲಾಪೊ ಹೊಸ್ತಿಲಲ್ಲಿ ನಿಂತ. ಅವನ ನೆರಳು ಅವಳ ಮಡಿಲ ಮೇಲೆ ಬಿತ್ತು. ಅವಳು ತಲೆಯೆತ್ತಿದಳು.

ಜ್ವರದವರ ಮನೆಯವರನ್ನು ಆಸ್ಪತ್ರೆಯೊಳಗೆ ಬಿಡುತ್ತಿರಲಿಲ್ಲ. ಕಾಯಿಲೆ ಏರಲಿ ಇಳಿಯಲಿ, ಮಠದವರು ಹೇಳಿ ಕಳಿಸುತ್ತಲೂ ಇರಲಿಲ್ಲ. ಮಠದಿಂದ ಮನೆ ಬಾಗಿಲಿಗೆ ಆಳು ಬರುವುದು ಒಂದೇ ಸುದ್ದಿಗೆ, ಬಂದು ಹೆಣ ಒಯ್ಯಿರಿ ಎನ್ನುವುದಕ್ಕೆ. ಆ ದಂಡೆಯ ಮನೆಗಳೆಲ್ಲಕ್ಕೂ ಅದು ಗೊತ್ತಿತ್ತು. ಲಾಪೊನಿಗೆ ಆ ನೆನಪೇ ಬಂದಿರಲಿಲ್ಲ.

ಅವಳು ಅವನ ಅಂಗಿಯ ಸುಣ್ಣ ನೋಡಿದಳು, ಮಠದ ಆಳೆಂದು ತಿಳಿದಳು. ಹೆಗಲು ಹಿಂದಕ್ಕೆ ಸರಿಯಿತು. ಬಲಗೈ ಎದೆಮಟ್ಟಕ್ಕೆ ಎದ್ದಿತು, ಅಂಗೈ ಅಡ್ಡವಾಗಿ, ಬೆರಳು ಬಿಗಿದು.

“ಬೇಡ,” ಅಂದಳು. “ಹೇಳಬೇಡ.”

ಲಾಪೊ ಆ ಕೈ ನೋಡಿದ.

ಜೋಡಿಸಿಕೊಂಡು ಬಂದ ಮಾತೆಲ್ಲ ಹೋಯಿತು. ತಾನು ಎಷ್ಟು ಎತ್ತರಕ್ಕೆ ನಿಂತಿದ್ದೇನೆ ಎನಿಸಿತು. ಬಾಗಿಲ ಬೆಳಕನ್ನೆಲ್ಲ ತಾನೇ ತಡೆದು ನಿಂತಿದ್ದೇನೆ ಎನಿಸಿತು. ಮಂಡಿ ಯಾವಾಗ ಬಾಗಿತೋ, ನೆಲ ಮುಟ್ಟಿದ ಮೇಲೆ ಗೊತ್ತಾಯಿತು. ಸುಣ್ಣದ ಕೈ ಅವಳಿಗೆ ಕಾಣದಿರಲಿ ಎಂದು ಎದೆಗೆ ಅವುಚಿಕೊಂಡ. ಈಗ ಅವಳ ಕಣ್ಣು ಅವನ ಕಣ್ಣಿಗಿಂತ ಮೇಲಿತ್ತು.

“ಹೆದರಬೇಡಿ ಅಮ್ಮಾ,” ಅಂದ. “ಗಂಜಿ ಕೇಳಿದರು.”

“ಯಾರು?”

“ಅವರೇ. ನಿಮ್ಮ ಯಜಮಾನರು. ಎದ್ದಿದ್ದಾರೆ. ಬಿಸಿ ಗಂಜಿ ಕೊಡಿ ಅಂದರು.”

ಅವಳು ನಂಬಲಿಲ್ಲ. ಕೈ ಇಳಿಯಲಿಲ್ಲ.

“ಉಪ್ಪು ಜಾಸ್ತಿ ಹಾಕಿ ಅಂದರು. ಮಠದೋರು ಉಪ್ಪು ಕಂಡೋರಲ್ಲ ಅಂತ ಬೈದರು.”

“ಬೈದರಾ?”

“ಹೂಂ ಅಮ್ಮಾ.”

“ಹಾಗಾದರೆ ಅವರೇ,” ಅಂದಳು ತೆಸ್ಸಾ. ಕೈ ಇಳಿಯಿತು. ಇಳಿದದ್ದೇ, ಹಾಯಿಯನ್ನು ಅತ್ತ ಒಗೆದು ಎದ್ದಳು. ಹೊಸ್ತಿಲಲ್ಲಿ ಮಂಡಿಯೂರಿದ್ದವನನ್ನು ಹೆಗಲು ಹಿಡಿದು ಪಕ್ಕಕ್ಕೆ ತಳ್ಳಿ, ತಲೆಗೆ ಬಟ್ಟೆಯೂ ಇಲ್ಲದೆ ಮಠದ ಕಡೆ ಓಡಿದಳು. ಹೇಳಿದವನ ಮುಖವನ್ನು ಒಂದು ಸಲವೂ ನೋಡಲಿಲ್ಲ.

ಲಾಪೊ ಬಾಗಿಲ ಚೌಕಟ್ಟು ಹಿಡಿದು ಎದ್ದ. ಮಂಡಿಯ ಮೇಲೆ ಮಣ್ಣಿತ್ತು. ಒರೆಸಲಿಲ್ಲ. ಅವನೂ ಓಡಿದ.

ಆಸ್ಪತ್ರೆಗೆ ಬಂದವನೇ ಗಾರೆಗೆ ಕೈ ಹಾಕಿದ. ಓರ್ಸೊ ಗಾರೆಯ ತೊಟ್ಟಿಯ ಆಚೆ ಬದಿಗೆ ಕೂತು, ನಡುಗುವ ಕೈಯಲ್ಲೇ ನೀರು ಹಾಕತೊಡಗಿದ.

ಅಚ್ಚಿನ ಹಾಳೆ ಪೆಟ್ಟಿಗೆಯಲ್ಲೇ ಉಳಿಯಿತು. ಬಂಗಾರದ ರೇಕಿನ ಡಬ್ಬಿ ತೆರೆಯಲಿಲ್ಲ. ಹಬ್ಬದ ಹಿಂದಿನ ಸಂಜೆಯವರೆಗೂ ಲಾಪೊ ಗೋಡೆ ಬಿಟ್ಟು ಕದಲಲಿಲ್ಲ.

ಹಬ್ಬದ ಬೆಳಗ್ಗೆ ಹಿರಿಯ ಪಾದ್ರಿ ಬಂದು ಗೋಡೆಯ ಮುಂದೆ ನಿಂತರು. ಅವರ ಮುಖ ಕೆಂಪಾಯಿತು.

“ಇದೇನಿದು? ಆ ದೂತ ಎಲ್ಲಿ?”

“ಒಡೆದೆ ಸ್ವಾಮಿ,” ಅಂದ ಲಾಪೊ.

“ಒಡೆದೆಯಾ? ಅದನ್ನೊಡೆದು ಇದನ್ನ ಬರೆದೆಯಾ? ಬಂಗಾರ ಇಲ್ಲ. ಹೊಸ್ತಿಲಲ್ಲೇ ಮಂಡಿಯೂರಿದ್ದಾನೆ. ಮುಖ ಹುಡುಗಿ ಕಡೆ ತಿರುಗಿಸಿಕೊಂಡಿದ್ದಾನೆ. ರೆಕ್ಕೆ ಮುದುರಿಕೊಂಡಿದೆ, ಅದರಲ್ಲೂ ಅರ್ಧ ಬಾಗಿಲಾಚೆ ಕತ್ತಲಲ್ಲಿದೆ. ಮೇಲಿಂದ ಇಳಿದು ಬಂದವನ ಹಾಗಿದ್ದಾನೇನು? ಯಾವುದೋ ಮನೆಗೆ ಆಳು ಬಂದ ಹಾಗಿದ್ದಾನೆ!”

“ಹೌದು ಸ್ವಾಮಿ.”

“ಹೌದು ಅಂತೀಯಲ್ಲೋ! ಓರ್ಸೊ, ನೀನಾದರೂ ಹೇಳಬಾರದಿತ್ತೇ?”

ಓರ್ಸೊ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ. ಸುತ್ತಿಗೆ ಅವನ ಕೈಯಲ್ಲಿತ್ತು. ಬೆಳಗಿನಿಂದಲೂ ಕೈಯಲ್ಲೇ ಇತ್ತು. ಒಡೆಯುತ್ತಾನೋ ಇಲ್ಲವೋ ಎಂದು ಲಾಪೊ ಆಗಾಗ ಅದರ ಕಡೆ ನೋಡುತ್ತಿದ್ದ.

“ಇವತ್ತಿನ ಪೂಜೆ ಮುಗಿಯಲಿ,” ಅಂದರು ಪಾದ್ರಿಗಳು. “ಗೋಡೆಗೆ ಪರದೆ ಕಟ್ಟಿ. ನಾಳೆ ಪಟ್ಟಣಕ್ಕೆ ಹೇಳಿ ಕಳಿಸ್ತೀನಿ.”

ಆಗ ಬಾಗಿಲಿಗೆ ತೆಸ್ಸಾ ಬಂದಳು. ಗಂಡನನ್ನು ಮನೆಗೆ ಕರೆದೊಯ್ಯುವ ದಿನ ಅದು. ಒಂದು ಕೈಯಲ್ಲಿ ಅವನ ಒಗೆದ ಅಂಗಿ, ಇನ್ನೊಂದರಲ್ಲಿ ಒಂದು ಗಂಟು. ಮಂಚದ ಕಡೆ ಹೊರಟವಳು ಗೋಡೆ ಕಂಡು ನಿಂತಳು.

ಪಾದ್ರಿಗಳು ಇರುವುದು ಅವಳಿಗೆ ಕಂಡಂತಿರಲಿಲ್ಲ. ಗಂಟು ನೆಲಕ್ಕಿಟ್ಟಳು. ಗೋಡೆಯ ಹತ್ತಿರ ಹೋದಳು. ಮರಿಯಳ ಎತ್ತಿದ ಕೈಯ ಮುಂದೆ ತನ್ನ ಕೈ ಹಿಡಿದು, ಮುಟ್ಟದೆ, ಇಳಿಸು ಎಂಬಂತೆ ಸನ್ನೆ ಮಾಡಿದಳು.

“ಹೆದರಬೇಡ ಮಗಳೇ,” ಅಂದಳು. “ಕೈ ಇಳಿಸು. ಏನು ಹೇಳ್ತಾನೋ ಪೂರ್ತಿ ಕೇಳು.”

ಮಂಚಗಳ ಮೇಲಿದ್ದವರೆಲ್ಲ ಮರಿಯಳನ್ನು ನೋಡುತ್ತಿದ್ದರು. ಮೊಣಕೈ ಊರಿ ಎದ್ದು ನೋಡಿದವರೂ ಇದ್ದರು.

“ಏ ತೆಸ್ಸಾ,” ಚೆಕ್ಕೊ ಕೂಗಿದ, “ಗೋಡೆ ಜೊತೆ ಆಮೇಲೆ ಮಾತಾಡು. ನನ್ನ ಅಂಗಿ ತಾ!”

“ಬಂದೆ, ಬಂದೆ. ಬಾಯಿಗೆ ಮಾತ್ರ ಒಂದು ದಿನಾನೂ ಜ್ವರ ಬರಲಿಲ್ಲ ನೋಡು.”

ಕಣ್ಣು ಒರೆಸಿಕೊಂಡು ಗಂಟು ಎತ್ತಿಕೊಂಡಳು. ಹೋಗುವಾಗ ದಾರಿಗೆ ಅಡ್ಡ ನಿಂತಿದ್ದ ಲಾಪೊನಿಗೆ, “ಸ್ವಲ್ಪ ಸರಿಯಪ್ಪಾ,” ಅಂದಳು.

ಲಾಪೊ ಸರಿದ.

ಹಿರಿಯ ಪಾದ್ರಿಗಳು ಇನ್ನೂ ಗೋಡೆಯನ್ನೇ ನೋಡುತ್ತಿದ್ದರು.

“ಬಿಷಪ್ಪರು ಬರೋ ಹೊತ್ತಾಯಿತು,” ಅಂದರು. “ನೆಲ ಗುಡಿಸಿ. ಪರದೆ ಬೇಡ.”

ಅವರು ಹೋದರು. ಗುರು ಶಿಷ್ಯರು ಗೋಡೆಯ ಮುಂದೆ ಉಳಿದರು.

“ಗುರುಗಳೇ,” ಅಂದ ಲಾಪೊ. “ಅವರಿಗೆ ನನ್ನ ಗುರುತೇ ಸಿಗಲಿಲ್ಲ.”

“ಹೂಂ.”

“ಗೋಡೆ ಮೇಲಿನ ದೂತನನ್ನೂ ನೋಡಲಿಲ್ಲ. ಆ ಹುಡುಗಿಯನ್ನ ಮಾತ್ರ ನೋಡಿದರು.”

ಓರ್ಸೊ ಸುತ್ತಿಗೆಯನ್ನು ಅವನ ಕಡೆ ಚಾಚಿದ.

“ಹಾಗಾದರೆ ಇದನ್ನ ಪೆಟ್ಟಿಗೆಯೊಳಗೆ ಇಟ್ಟು ಬಾ.”